ಅರಳೆಯಮ್ಮನವರು ಕೊಟ್ಟ ಒಂದೆಳೆ ನೂಲು

ಸತ್ತ ಕುದುರೆಯ ಮುಖಹಗ್ಗವನ್ನು ಎಳೆಯ ಮರಿಯ ಮೋರೆಗೆ ಬಿಗಿದರು. ಅದು ತಪ್ಪು. ಅದನ್ನು ಭಕ್ತಿಯೆಂದು ಕರೆದದ್ದು ಅದಕ್ಕಿಂತ ದೊಡ್ಡ ತಪ್ಪು.

ಕೆಂಚನಗುಡ್ಡದ ಮಠದಲ್ಲಿ ಪಲ್ಲಕ್ಕಿಯ ಮುಂದೆ ನಗಾರಿ ಹೊರುವ ಕುದುರೆ ತೀರಿಕೊಂಡರೆ, ಅದರ ಹಿತ್ತಾಳೆ ಗುಂಡಿಗಳನ್ನು ಬಡಿದ ತೊಗಲಿನ ಮುಖಹಗ್ಗವನ್ನು ಪೂಜಿಸಿ ಮುಂದಿನ ಕುದುರೆಗೆ ತೊಡಿಸುವುದು ವಾಡಿಕೆ. ಈ ಸಲ ಮುಂದಿನದು ಇನ್ನೂ ಮರಿ. ಹೊರುವ ವಯಸ್ಸಲ್ಲ, ಹುಣ್ಣಿಮೆಯ ಉತ್ಸವದಂದು ನಗಾರಿಯಿಲ್ಲದೆ ಬರಿಮೈಯಲ್ಲಿ ಪಲ್ಲಕ್ಕಿಯ ಜೊತೆಗೆ ನಡೆದರೆ ಸಾಕಿತ್ತು. ಆದರೆ ದೊಡ್ಡ ಕುದುರೆಯ ಅಳತೆಯ ಪಟ್ಟಿ ಅದರ ಮೂಗಿನ ಮೆತ್ತನೆಯ ಭಾಗಕ್ಕೆ ಜಾರಿತು. ಜಾರದಿರಲೆಂದು ದವಡೆಯ ಕೆಳಗೆ ಬಿಗಿದರು. ಉಸಿರು ಕಟ್ಟಿದ ಮರಿ ಹಿಂದಕ್ಕೆ ಜಗ್ಗಿತು. ಮಠದವರು ಮುಂದಕ್ಕೆ ಜಗ್ಗಿದರು. ಮೊಂಡು ಜಾತಿ ಎಂದು ಬೈದರು. ಹುಣ್ಣಿಮೆಗೆ ನಡೆಯದಿದ್ದರೆ ಕಲ್ಲು ಸಾಗಿಸುವ ಗಾಡಿಗೆ ಕಟ್ಟುವುದೆಂದು ಮಠದ ಆಡಳಿತ ನೋಡುವ ಪಾರುಪತ್ಯಗಾರರು ಹೇಳಿಬಿಟ್ಟರು.

ಕುದುರೆ ಪಳಗಿಸುವ ಸಿದ್ಧೋಜಿಗೆ ಆ ಮಾತು ಎದೆಗೆ ನಾಟಿತು. ತಾಯಿ ಸತ್ತ ಆ ಮರಿಗೆ ಹಾಲು ಕುಡಿಸಿ ಬೆಳೆಸಿದವನು ಅವನೇ. ಉಳಿಸಬೇಕೆಂಬ ಅವಸರದಲ್ಲಿ ಅವನೇ ಚಾಬೂಕು ಎತ್ತಿದ. ಮರಿ ಕಿತ್ತುಕೊಂಡು ಓಡಿತು.

ಊರಾಚೆ, ಹತ್ತಿಹೊಲಗಳ ನಡುವಿನ ಜೋಪಡಿಯಲ್ಲಿ, ಊರವರು ಸಂತರೆಂದು ನಂಬಿದ್ದ ಅರಳೆಯಮ್ಮನವರು ಮಠದ ದೀಪಗಳ ಬತ್ತಿಗೆ ನೂಲು ತೆಗೆಯುತ್ತ ಕುಳಿತಿದ್ದರು. ಮಾಗಿಯ ಬಿಸಿಲು. ಗಾಳಿಯಲ್ಲಿ ಅರಳೆ ತೇಲುತ್ತಿತ್ತು. ನೆಲ ಯಾವುದು, ಮುಗಿಲು ಯಾವುದು ತಿಳಿಯದಷ್ಟು ಎಲ್ಲವೂ ಬೆಳ್ಳಗಿತ್ತು. ಆ ಬಿಳುಪಿನೊಳಗಿಂದ ಬಂದ ಮರಿ ಅಮ್ಮನವರ ಪಕ್ಕದಲ್ಲಿ ನಿಂತು ನಡುಗಿತು. ಅವರು ನೂಲುವುದನ್ನು ನಿಲ್ಲಿಸಲಿಲ್ಲ. ನಡುಕ ನಿಧಾನವಾಗಿ ಇಳಿಯಿತು.

ಏದುಸಿರು ಬಿಡುತ್ತ ಬಂದ ಸಿದ್ಧೋಜಿಗೆ ಸಾಧುಸಂತರಲ್ಲಿ ನಂಬಿಕೆಯಿರಲಿಲ್ಲ. "ಏನಬೇ ಅಮ್ಮ, ಕುದುರಿಗೂ ಮಂತ್ರ ಹಾಕ್ತೀಯೇನು?" ಎಂದು ಕುಟುಕಿದ.

"ಮಂತ್ರ ನನಗ ಬರೂದಿಲ್ಲಪ್ಪ. ನೂಲೂದು ಬರತೈತಿ," ಎಂದು ಅಮ್ಮನವರು ನಕ್ಕರು.

ಹಿತ್ತಾಳೆಯ ಮುಖಹಗ್ಗವನ್ನು ತಾವೇ ಬಿಚ್ಚಿದರು. ಅದರಡಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಸಿದ್ಧೋಜಿ ಮುಖ ತಿರುಗಿಸಿದ. ಅಮ್ಮನವರು ತಮ್ಮ ಹಳೆಯ ಸೀರೆಯಿಂದ ಅಗಲವಾದ ಪಟ್ಟಿ ಹರಿದು, ಹುಣ್ಣಿಗೆ ತಾಗದಂತೆ, ಕಣ್ಣಿನ ಕೆಳಗೆ ಗಟ್ಟಿ ಎಲುಬಿನ ಮೇಲೆ ಕೂರುವಂತೆ ಸಡಿಲವಾಗಿ ಕಟ್ಟಿದರು. ಹಿಡಿಯುವ ಹಗ್ಗದ ಜಾಗದಲ್ಲಿ ಆಗಷ್ಟೇ ತೆಗೆದ ಒಂದೆಳೆ ನೂಲು ಕಟ್ಟಿ, ತುದಿಯನ್ನು ಅವನ ಕೈಗಿತ್ತರು.

"ಇದು ಹರೀಲಾರದಂಗ ಕರಕೊಂಡು ಹೋಗು."

ಅವನು ಎಳೆದ. ಹರಿಯಿತು. ಅಮ್ಮನವರು ಇನ್ನೊಂದು ಎಳೆ ಕಟ್ಟಿದರು. ಅದೂ ಹರಿಯಿತು. ಅವರು ಬೇಸರಿಸದೆ ಮತ್ತೊಂದು ಕಟ್ಟಿದರು. ಕೊನೆಗೆ ಸಿದ್ಧೋಜಿ ಎಳೆಯುವುದನ್ನೇ ಬಿಟ್ಟು, ನೂಲು ತುಸು ಬಿಗಿಯುವಷ್ಟು ಹಿಡಿದು ಕಾದ. ಬಹಳ ಹೊತ್ತಿನ ಮೇಲೆ ಮರಿ ಒಂದು ಹೆಜ್ಜೆ ಅವನತ್ತ ಇಟ್ಟಿತು. ತಕ್ಷಣ ಅವನ ಕೈ ತಾನಾಗಿಯೇ ಸಡಿಲಾಯಿತು. ಮರಿ ಇನ್ನೊಂದು ಹೆಜ್ಜೆ ಇಟ್ಟಿತು. ಬೆಳ್ಳನೆಯ ಹೊಲದಲ್ಲಿ ಇಬ್ಬರೂ ನಿದ್ದೆಯಲ್ಲಿ ನಡೆದವರಂತೆ ನಡೆದರು. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ನೋಡಿದವರಿಗೆ ಹೇಳಲಾಗುತ್ತಿರಲಿಲ್ಲ.

ಮರಳಿ ಬಂದು ಸಿದ್ಧೋಜಿ ಅಮ್ಮನವರ ಪಾದದ ಬಳಿ ಚಾಬೂಕು ಇಟ್ಟ. ಮಠದವರಿಗೆ ಏನು ಹೇಳಲಿ ಎಂದು ಕೇಳಿದ.

"ಸತ್ತದ್ದರ ಮರ್ಯಾದಿ ಗದ್ದಿಗಿ ಮುಂದ ಇರಲಿ. ಬದುಕಿದ್ದರ ಮುಖಕ್ಕ ಬ್ಯಾಡ."

ಹುಣ್ಣಿಮೆಯಂದು ಹಿತ್ತಾಳೆಯ ಮುಖಹಗ್ಗ ಮಠದ ಗದ್ದಿಗೆಯ ಮುಂದೆಯೇ ಉಳಿಯಿತು; ಪಲ್ಲಕ್ಕಿಯ ಮುಂದೆ ಮರಿ ಸೀರೆಯ ಪಟ್ಟಿಯಲ್ಲೇ ನಡೆಯಿತು. ಪಕ್ಕದಲ್ಲಿ ಬರಿಗಾಲಲ್ಲಿ ಸಿದ್ಧೋಜಿ, ಕೈಯಲ್ಲಿ ಒಂದೆಳೆ ನೂಲು. ಆಮೇಲೆ ಅವನು ಚಾಬೂಕು ಹಿಡಿಯಲಿಲ್ಲ.

ಇದನ್ನು ಓದಿ ಕೈ ಮುಗಿದು ಸುಮ್ಮನಾಗಬೇಡಿ. ಎದ್ದು ನಿಮ್ಮ ಕೊಟ್ಟಿಗೆಗೆ ಹೋಗಿ. ಅಲ್ಲಿ ಕಟ್ಟಿರುವ ಜೀವದ ಮುಖಹಗ್ಗದ ಅಡಿಯಲ್ಲಿ ಎರಡು ಬೆರಳು ತೂರಿಸಿ ನೋಡಿ. ತೂರದಿದ್ದರೆ ಬಿಚ್ಚಿ. ನಾಳೆಯಲ್ಲ, ಈಗ.