ಎಕ್ಕದ ಗಿಡ ಅಂಗಳ ಬಿಟ್ಟು ಕಲ್ಲುನೆಲಕ್ಕೆ ಹೋದದ್ದು

ಭೂಮಿ ಇನ್ನೂ ಹಸಿ ಮಡಕೆಯ ಹಾಗೆ ಮೆತ್ತಗಿತ್ತು. ಬೆಟ್ಟಗಳು ತಮ್ಮ ತಮ್ಮ ಜಾಗ ಹುಡುಕಿಕೊಂಡು ಆಗಷ್ಟೇ ಕೂತಿದ್ದವು. ಯಾವ ದಿಕ್ಕಿಗೆ ಬೀಸಬೇಕು ಅನ್ನುವುದು ಗಾಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಅಂಥ ಕಾಲದಲ್ಲಿ ನಡೆದದ್ದು ಮಗಾ, ಇದು.

ಆಗ ಹೂಬಿಡುವ ಕಾಡುಗಿಡಗಳೆಲ್ಲ ಮನುಷ್ಯರ ಅಂಗಳದಲ್ಲೇ ಇರುತ್ತಿದ್ದವು. ಊರಾಚೆಯ ಕಲ್ಲುನೆಲಕ್ಕೆ ಯಾವ ಗಿಡವೂ ಹೋಗುತ್ತಿರಲಿಲ್ಲ. ಅಲ್ಲಿ ಬಿಸಿಲಿತ್ತು, ಕಲ್ಲಿತ್ತು, ಅಷ್ಟೇ.

ಈರಕ್ಕ ಅಂತ ಒಬ್ಬ ಹೆಂಗಸು. ಬುಟ್ಟಿ ಹೆಣೆದು ಬದುಕುತ್ತಿದ್ದಳು. ಅವಳ ಮನೆಯಲ್ಲಿ ಇನ್ನೊಂದು ಜೀವ ಅಂದರೆ ಬೂದಿ ಬಣ್ಣದ ಒಂದು ಬೆಕ್ಕು. ಮರಿಯಾಗಿದ್ದಾಗ ಮಳೆಯಲ್ಲಿ ನೆಂದು, ಕಣ್ಣು ಬಿಡಲಾರದೆ ಅವಳ ಬಾಗಿಲಿಗೆ ಬಂದಿತ್ತು. ಹತ್ತಿಯಲ್ಲಿ ಹಾಲು ಅದ್ದಿ ತೊಟ್ಟು ತೊಟ್ಟಾಗಿ ಕುಡಿಸಿ ಬದುಕಿಸಿದ್ದಳು. ಹೆಸರೂ ಬೂದಿ ಅಂತಲೇ ಇಟ್ಟಿದ್ದಳು.

ಆ ವರ್ಷ ಲೋಕಕ್ಕೆ ಮೊದಲನೆಯ ಚೈತ್ರ ಬಂತು. ಬಂದದ್ದೇ ತಡ, ಈರಕ್ಕನ ಅಂಗಳ ತುಂಬಿಹೋಯಿತು. ತುಂಬೆ ಬೆಳ್ಳಗೆ ಅರಳಿತು. ನೆಗ್ಗಿಲು ಹಳದಿಯಾಗಿ ಅರಳಿತು. ವಿಷ್ಣುಕ್ರಾಂತಿ ನೆಲಕ್ಕೆ ಅಂಟಿಕೊಂಡೇ ನೀಲಿಯಾಗಿ ಅರಳಿತು. ಇವೆಲ್ಲಕ್ಕಿಂತ ಎತ್ತರವಾಗಿ, ಅಂಗಳದ ನಟ್ಟನಡುವೆ, ಎಕ್ಕದ ಗಿಡ ಗೊಂಚಲು ಗೊಂಚಲಾಗಿ ನಸುನೇರಳೆ ಹೂ ಹೊತ್ತು ನಿಂತಿತು.

ಎಕ್ಕದ ಹಾಲು ಆಗ ಬೆಳ್ಳಗಿರಲಿಲ್ಲ ಮಗಾ. ನೀರಿನ ಹಾಗೆ ಇತ್ತು. ತೊಟ್ಟು ಮುರಿದರೂ ಕಾಣುತ್ತಿರಲಿಲ್ಲ, ಸುರಿದರೂ ಕಾಣುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬೂದಿ ಒಂದು ಕೇಸರಿ ಚಿಟ್ಟೆಯ ಹಿಂದೆ ಬಿತ್ತು. ಚಿಟ್ಟೆ ಎಕ್ಕದ ಮೇಲೆ ಕೂತಿತು. ಬೂದಿ ಛಂಗನೆ ಹಾರಿತು. ಚಿಟ್ಟೆ ಸಿಗಲಿಲ್ಲ, ಎಕ್ಕದ ಒಂದು ಟೊಂಗೆ ಮುರಿಯಿತು. ಮುರಿದ ಕಡೆಯಿಂದ ನಾಲ್ಕು ಹನಿ ಬೂದಿಯ ಬೆನ್ನ ಮೇಲೆ ಬಿತ್ತು. ಬೆಕ್ಕಿನ ಬುದ್ಧಿ ಗೊತ್ತಲ್ಲ, ಮೈಗೆ ಏನು ಅಂಟಿದರೂ ಅದಕ್ಕೆ ಸಮಾಧಾನವಿಲ್ಲ. ಬಿಸಿಲಲ್ಲಿ ಕೂತು ಬೆನ್ನನ್ನು ಚೊಕ್ಕಟವಾಗಿ ನೆಕ್ಕಿಕೊಂಡಿತು.

ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು ಸುರಿಯಿತು. ಕಾಲು ತಡವರಿಸಿದವು. ಬೂದಿ ಹೊಸ್ತಿಲ ತನಕ ಬಂದು, ಹೊಸ್ತಿಲು ದಾಟಲಾರದೆ ಬಿದ್ದುಬಿಟ್ಟಿತು.

“ಬೂದೀ! ಏನಾಯ್ತೋ ನಿಂಗೆ?” ಈರಕ್ಕ ಹೆಣೆಯುತ್ತಿದ್ದ ಬುಟ್ಟಿ ಬಿಸಾಕಿ ಓಡಿಬಂದಳು. ಬೆಕ್ಕಿನ ಎದೆ ಅವಳ ಅಂಗೈ ಕೆಳಗೆ ಡವಡವ ಹೊಡೆದುಕೊಳ್ಳುತ್ತಿತ್ತು.

ಪಕ್ಕದ ಮನೆಯ ಕುರಿ ಕಾಯುವ ತಿಪ್ಪಣ್ಣ ಕೂಗು ಕೇಳಿ ಬಂದ. ನೋಡಿದ. ತಲೆ ಅಲ್ಲಾಡಿಸಿದ.

“ಇದು ಗಿಡದ ನಂಜು ಕಣವ್ವಾ. ನಿನ್ನ ಅಂಗಳದಲ್ಲೇ ಯಾವುದೋ ಒಂದರಲ್ಲಿದೆ. ಎಲ್ಲಾ ಕಿತ್ತು ಬೆಂಕಿಗೆ ಹಾಕು. ಇಲ್ಲಾಂದ್ರೆ ಇನ್ನು ಮೇಲೆ ಬೆಕ್ಕನ್ನ ಹಗ್ಗದಲ್ಲಿ ಕಟ್ಟು.”

“ತಪ್ಪು ಮಾಡಿದ್ದು ಯಾವುದು ಅಂತ ತಿಳೀದೆ ಎಲ್ಲಾನೂ ಕೀಳೋಕೆ ನನ್ನಿಂದಾಗಲ್ಲ ತಿಪ್ಪಣ್ಣಾ,” ಅಂದಳು ಈರಕ್ಕ. “ಹಗ್ಗ ಹಾಕಿದ್ರೆ ಅದು ಬೆಕ್ಕಾಗಿ ಉಳಿಯಲ್ಲ. ನಾನು ಕೇಳ್ತೀನಿ. ಒಂದೊಂದನ್ನೂ ಕೇಳ್ತೀನಿ.”

ಮೊದಲು ಬೂದಿಯ ಮೈಯನ್ನು ಬೆಚ್ಚನೆ ನೀರಿನಲ್ಲಿ ಮೂರು ಸಲ ಒರೆಸಿದಳು. ಆಮೇಲೆ ಅದನ್ನು ಸೆರಗಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು, ಅಂಗಳಕ್ಕೆ ಇಳಿದಳು.

“ತುಂಬೇ, ನೀನಾ?”

“ನಾನಲ್ಲ ಈರಕ್ಕ. ನನ್ನಲ್ಲಿರೋದು ಜೇನು.”

“ನೆಗ್ಗಿಲೇ, ನೀನಾ?”

“ನಾನಲ್ಲ ಈರಕ್ಕ. ನನ್ನಲ್ಲಿರೋದು ಮುಳ್ಳು. ಅದು ಕಾಲಿಗೆ ಚುಚ್ಚುತ್ತೆ, ಹೊಟ್ಟೆಗೆ ಹೋಗಲ್ಲ.”

“ವಿಷ್ಣುಕ್ರಾಂತೀ, ನೀನಾ?”

“ನಾನಲ್ಲ ಈರಕ್ಕ. ನಾನಿರೋದೇ ಇಷ್ಟು.”

ಕಾಲ ಕೆಳಗಿನಿಂದ ಒಂದು ಸಣ್ಣ ದನಿ ಬಂತು. ಗರಿಕೆ. ಹೂವಿಲ್ಲ, ಎತ್ತರವಿಲ್ಲ ಅಂತ ಅದನ್ನು ಯಾರೂ ಏನೂ ಕೇಳುತ್ತಿರಲಿಲ್ಲ. “ಮಾಡಿದ್ದು ಯಾರು ಅಂತ ಆಮೇಲೆ ಕೇಳು ಈರಕ್ಕ. ಮೊದಲು ಅದನ್ನ ನನ್ನ ಹತ್ರ ಇಳಿಸು.”

ಈರಕ್ಕ ಇಳಿಸಿದಳು. ಬೂದಿ ಕಷ್ಟಪಟ್ಟು ಕತ್ತು ಚಾಚಿ ಗರಿಕೆಯ ಎರಡು ಎಳೆ ಕುಡಿ ಕಚ್ಚಿತು. ಇನ್ನೆರಡು ಕಚ್ಚಿತು. ಹೊಟ್ಟೆ ಹಿಂಡಿಕೊಂಡು ಬಂತು. ಒಳಗಿದ್ದದ್ದೆಲ್ಲ ಹೊರಗೆ ಬಂತು. ಬೆಕ್ಕು ಸುಸ್ತಾಗಿ ಮಲಗಿತು, ಆದರೆ ಎದೆಯ ಡವಡವ ನಿಧಾನವಾಯಿತು. ಈರಕ್ಕ ಗರಿಕೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ಹಾಗೇ ಕೂತಳು.

ಆಗ ಎಕ್ಕ ತಾನೇ ಬಾಯಿ ಬಿಟ್ಟಿತು.

“ನಾನೇ, ಈರಕ್ಕ. ನನ್ನ ಹಾಲೇ.”

ಈರಕ್ಕ ಎದ್ದಳು. ಸೂರಿನಿಂದ ಕುಡುಗೋಲು ಕಿತ್ತುಕೊಂಡು ಬಂದಳು.

“ಕಡಿ, ಬೇಡ ಅನ್ನಲ್ಲ,” ಅಂದಿತು ಎಕ್ಕ. “ಕಡಿಯೋಕೆ ಮುಂಚೆ ನನ್ನ ಎಲೆ ಒಂದನ್ನ ಮಗುಚಿ ನೋಡು.”

ಮಗುಚಿದಳು. ಎಲೆಯಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುಗಳು ಸಾಲಾಗಿ ಮೇಯುತ್ತಿದ್ದವು. ಬೆಳಗಿನ ಕೇಸರಿ ಚಿಟ್ಟೆ ರೆಕ್ಕೆ ನಡುಗಿಸುತ್ತಾ ಎದುರಿಗೆ ಬಂತು.

“ನನ್ನ ಮಕ್ಕಳು ಕಣಕ್ಕಾ. ಬೇರೆ ಎಲೆ ತಿಂದು ಬದುಕಲ್ಲ. ಈ ಕಹಿ ಹಾಲು ಕುಡಿದು ಕಹಿಯಾಗ್ತವೆ, ಅದಕ್ಕೇ ಹಕ್ಕಿಗಳು ಮುಟ್ಟಲ್ಲ. ಎಕ್ಕ ಇಲ್ದೆ ಹೋದ್ರೆ ಇವೂ ಇಲ್ಲ.”

ಈರಕ್ಕನ ಕೈ ಇಳಿಯಿತು. ಒಂದು ಬೆಕ್ಕಿನ ಮರಿಯನ್ನು ತೊಟ್ಟು ತೊಟ್ಟು ಹಾಲು ಹಾಕಿ ಸಾಕಿದ ಕೈ ಅದು. ಕುಡುಗೋಲನ್ನು ನೆಲಕ್ಕೆ ಹಾಕಿದಳು. ಆದರೆ ಅಲ್ಲಿಂದ ಕದಲಲಿಲ್ಲ.

“ನನ್ನ ಬೆಕ್ಕೂ ಬದುಕಬೇಕು, ನಿಮ್ಮ ಹುಳುಗಳೂ ಬದುಕಬೇಕು. ದಾರಿ ಸಿಗೋ ತನಕ ನಾನು ಇಲ್ಲಿಂದ ಹೋಗಲ್ಲ.”

ಹಾಗಂದು ಎಕ್ಕದ ಮುಂದೆ ಕೂತೇಬಿಟ್ಟಳು. ಬೂದಿಗೆ ಒಂದು ದೊಡ್ಡ ಬುಟ್ಟಿಯನ್ನು ಬೋರಲು ಹಾಕಿ ಗೂಡು ಮಾಡಿದಳು. ಗಾಳಿ ಆಡಲು ಕಿಂಡಿ ಬಿಟ್ಟಳು. ಪಕ್ಕದಲ್ಲೇ ಕೂತು ಬೇರೆ ಬುಟ್ಟಿ ಹೆಣೆಯತೊಡಗಿದಳು. ಮೂರನೆಯ ದಿನ ತಿಪ್ಪಣ್ಣ ಮುದ್ದೆ ತಂದುಕೊಟ್ಟು, “ಗಿಡ ನಿನ್ನ ಮಾತು ಕೇಳುತ್ತೇನವ್ವಾ?” ಅಂದ. “ಕೇಳಿಸೋ ತನಕ ಕೂರ್ತೀನಿ,” ಅಂದಳು.

ಎಕ್ಕಕ್ಕೂ ಹಟ ಬಂತು. ‘ನಂಜು ಇರೋದು ತಪ್ಪಲ್ಲ, ಅದು ಕಾಣದೆ ಇರೋದು ತಪ್ಪು’ ಅಂದುಕೊಂಡಿತು. ಭೂಮಿಯನ್ನು ಕೇಳಿತು: “ತಾಯಿ, ನನ್ನ ಹಾಲಿಗೆ ದೂರದಿಂದಲೇ ಕಾಣೋ ಬಿಳುಪು ಕೊಡು.”

“ಬಿಳುಪು ಸುಣ್ಣಕಲ್ಲಿನಲ್ಲಿದೆ,” ಅಂದಳು ಭೂಮಿ. “ಸುಣ್ಣಕಲ್ಲು ಬಹಳ ಆಳದಲ್ಲಿದೆ. ನಡುವೆ ಕರಿಬಂಡೆ. ನಿನ್ನ ಬೇರು ಎಳೆಯದು.”

“ಇಳೀತೀನಿ.”

ಇಳಿಯಿತು. ಬೇರಿನ ತುದಿ ಜಜ್ಜಿಹೋಯಿತು, ಮತ್ತೆ ಚಿಗುರಿತು. ಮತ್ತೆ ಜಜ್ಜಿಹೋಯಿತು, ಮತ್ತೆ ಚಿಗುರಿತು. ಮೇಲೆ ಹೂ ಬಾಡಿದವು, ಎಲೆ ಜೋತುಬಿದ್ದವು. ಈರಕ್ಕ ತನ್ನ ಕುಡಿಯುವ ನೀರಿನಲ್ಲೇ ಅರ್ಧ ಅದರ ಬುಡಕ್ಕೆ ಹಾಕಿದಳು. ಒಂಬತ್ತನೆಯ ದಿನ ಬೇರು ಸುಣ್ಣಕಲ್ಲು ಮುಟ್ಟಿತು. ಬಿಳುಪು ಬೇರಿನಿಂದ ಕಾಂಡಕ್ಕೆ, ಕಾಂಡದಿಂದ ಎಲೆಗೆ ಸರಸರ ಏರಿತು. ಹಾಲು ಬೆಳ್ಳಗಾಯಿತು. ಎಲೆಗಳ ಮೇಲೂ ಬೂದಿ ಸವರಿದ ಹಾಗೆ ಬಿಳಿಯ ಪುಡಿ ಕೂತಿತು.

“ಈಗ ಕಾಣುತ್ತೆ,” ಅಂದಳು ಈರಕ್ಕ. “ಆದ್ರೆ ಬೆಕ್ಕು ಆಟದಲ್ಲಿದ್ದಾಗ ಕಂಡದ್ದನ್ನೂ ನೋಡಲ್ಲ.”

“ಗೊತ್ತು. ನಾನು ಅಂಗಳದಲ್ಲಿ ಇರಬಾರದು. ಆಚೆ ಕಲ್ಲುನೆಲಕ್ಕೆ ಹೋಗಬೇಕು,” ಅಂದಿತು ಎಕ್ಕ. “ಆಳಕ್ಕೆ ಇಳಿದ ನಾನು ಕಾಲು ಕೀಳಲಾರೆ. ನನ್ನ ಮಕ್ಕಳು ಹೋಗಬಹುದು. ಗಾಳಿಯಪ್ಪಾ, ಕರ್ಕೊಂಡು ಹೋಗ್ತೀಯಾ?”

ಗಾಳಿ ಎಕ್ಕದ ಕಾಯಿಯಿಂದ ಒಂದು ಬೀಜವನ್ನು ಎತ್ತಿ ನೋಡಿತು. ಬೀಜ ಜಾರಿ ಬುಡಕ್ಕೇ ಬಿತ್ತು. “ಹಿಡ್ಕೊಳ್ಳೋಕೆ ಏನೂ ಇಲ್ಲವಲ್ಲಮ್ಮಾ. ಒಂದು ಜುಟ್ಟಾದರೂ ಬೇಡವಾ?”

ಎಕ್ಕದ ಹತ್ತಿರ ಜುಟ್ಟು ಎಲ್ಲಿಂದ ಬರಬೇಕು?

ಆಗ ಬೂದಿ ಗೂಡಿನ ಕಿಂಡಿಯಿಂದ ಮೂತಿ ಹೊರಗೆ ಹಾಕಿತು. “ಬಿಸಿಲು ಏರಿದೆ. ನನ್ನ ಹೊಟ್ಟೆಯ ಬಿಳಿ ತುಪ್ಪಳ ಉದುರ್ತಾ ಇದೆ. ಅದನ್ನ ಕೊಡು ಈರಕ್ಕ.”

“ನಿನ್ನ ಸಾಯೋ ಹಾಗೆ ಮಾಡಿದ್ದು ಇದೇ ಗಿಡ ಕಣೋ,” ಅಂದಳು ಈರಕ್ಕ.

“ಮರೆತಿಲ್ಲ,” ಅಂದಿತು ಬೂದಿ. “ಅದಕ್ಕೇ ದೂರ ಹೋಗಲಿ ಅಂತಿದೀನಿ. ಹೋಗೋದಾದ್ರೆ ಚೆನ್ನಾಗಿ ಹೋಗಲಿ.”

ಈರಕ್ಕ ಗೂಡು ಎತ್ತಿದಳು. ಬೂದಿಯನ್ನು ತೊಡೆಯ ಮೇಲೆ ಮಲಗಿಸಿ ಹೊಟ್ಟೆಯನ್ನು ಮೆಲ್ಲಗೆ ಬಾಚಿದಳು. ಬೆಳ್ಳನೆಯ, ರೇಷ್ಮೆಯಂಥ ತುಪ್ಪಳ ಹಿಡಿ ಹಿಡಿ ಬಂತು. ಎಕ್ಕದ ಕಾಯಿ ಬಿಡಿಸಿ ಒಂದೊಂದು ಬೀಜದ ತಲೆಗೂ ಒಂದೊಂದು ಜುಟ್ಟು ಕೂರಿಸಿದಳು. ಬೀಜಗಳನ್ನು ಮತ್ತೆ ಕಾಯೊಳಗೆ ಒತ್ತೊತ್ತಾಗಿ ಜೋಡಿಸಿದಳು. ಕಾಯಿ ಬಿಸಿಲಿಗೆ ಬಲಿತು, ಒಣಗಿ, ಒಂದು ಮಧ್ಯಾಹ್ನ ಟಪ್ಪನೆ ಬಿರಿಯಿತು.

“ಹೂಂ, ಬನ್ನಿ!” ಅಂದಿತು ಗಾಳಿ.

ಬೀಜಗಳು ಎದ್ದವು. ಅಂಗಳ ದಾಟಿದವು, ತಿಪ್ಪಣ್ಣನ ಕುರಿಹಟ್ಟಿ ದಾಟಿದವು, ಹೋಗಿ ಹೋಗಿ ಕಲ್ಲುನೆಲದ ಬಿರುಕುಗಳಲ್ಲಿ ಇಳಿದವು. ಚಿಟ್ಟೆ ಅವುಗಳ ಹಿಂದೆಯೇ ಹಾರಿತು.

ಅವು ಅಲ್ಲಿ ಚಿಗುರುವ ತನಕ ಈರಕ್ಕ ಅಂಗಳದ ಎಕ್ಕದ ಸುತ್ತ ಬಿದಿರಿನ ತಡಿಕೆ ಕಟ್ಟಿದಳು. ಬೂದಿಯನ್ನು ಒಂದು ದಿನವೂ ಕಣ್ಣಿನಿಂದ ಮರೆಯಾಗಲು ಬಿಡಲಿಲ್ಲ. ಕೊನೆಯ ಹುಳು ಚಿಟ್ಟೆಯಾಗಿ ಹಾರಿಹೋದ ಮೇಲೆ ತಾಯಿ ಎಕ್ಕ, “ಇನ್ನು ಸಾಕು ಈರಕ್ಕ,” ಅಂದು ನಿಂತಲ್ಲೇ ಒಣಗಿತು. ಈರಕ್ಕ ಅದರ ಬುಡದಲ್ಲಿ ಕೂತು ಅತ್ತಳು. ತುಂಬೆ, ನೆಗ್ಗಿಲು, ವಿಷ್ಣುಕ್ರಾಂತಿ ಆ ಜಾಗವನ್ನು ನಿಧಾನವಾಗಿ ತುಂಬಿಕೊಂಡವು.

ಅದಕ್ಕೇ ಮಗಾ, ಇವತ್ತಿಗೂ ಮೈ ಸರಿಯಿಲ್ಲದ ಬೆಕ್ಕು ಯಾರೂ ಹೇಳದೆ ಹೋಗಿ ಗರಿಕೆ ಕಚ್ಚುತ್ತದೆ. ಅದಕ್ಕೇ ಎಕ್ಕ ಒಳ್ಳೆಯ ಮಣ್ಣು ಬಿಟ್ಟು ದಾರಿಬದಿಯ ಕಲ್ಲಿನಲ್ಲಿ ನಿಲ್ಲುತ್ತದೆ, ಎಲೆ ಚಿವುಟಿದ ಕೂಡಲೇ ‘ದೂರ ಇರು’ ಅಂತ ಬಿಳಿ ಹಾಲು ತೋರಿಸುತ್ತದೆ. ಮತ್ತೆ ಈಗ ನಿನ್ನ ಮೂಗಿನ ಮುಂದೆ ತೇಲಿಹೋಯಿತಲ್ಲ, ನೀನು ಊದಿ ಊದಿ ಮೇಲೆ ಕಳಿಸಿದೆಯಲ್ಲ, ಆ ಬೆಳ್ಳನೆಯ ಎಕ್ಕದ ಬೀಜವನ್ನು ಕೆನ್ನೆಗೆ ಮುಟ್ಟಿಸಿ ನೋಡಿದರೆ ಬೆಕ್ಕಿನ ಹೊಟ್ಟೆಯಷ್ಟೇ ಮೆತ್ತಗಿರುತ್ತದೆ.