ಸಪ್ಪೆಮರಡಿಯ ಬೊಮ್ಮಕ್ಕ

ತಾಲ್ಲೂಕು ಕೇಂದ್ರದಿಂದ ಬಯಲುದಾರಿ ಹಿಡಿದು ಮೂರು ಹರದಾರಿ ಉತ್ತರಕ್ಕೆ ಹೋದರೆ, ಹೊಳೆಯ ದಂಡೆಯ ಮೇಲೆ ಬೂದಿಬಣ್ಣದ ದಿಬ್ಬವೊಂದು ಕಾಣಿಸುತ್ತದೆ. ಅದರಲ್ಲಿ ಬಂಡೆಯಿಲ್ಲ, ಕಲ್ಲಿಲ್ಲ, ತಳದಿಂದ ತುದಿಯವರೆಗೆ ಬರಿಯ ಮಣ್ಣು. ಸುತ್ತಲಿನ ನೆಲವೆಲ್ಲ ಸವಳು. ಬೇಸಿಗೆಯ ಬೆಳಗಿನಲ್ಲಿ ನೋಡಿದರೆ ಯಾರೋ ಹಿಟ್ಟು ಚೆಲ್ಲಿ ಹೋದಂತೆ ಬೆಳ್ಳಗೆ ಉಪ್ಪು ಅರಳಿರುತ್ತದೆ. ಅಲ್ಲಿ ಬಾವಿಯ ನೀರೂ ಉಪ್ಪು, ಗೋಡೆಗೆ ಮೆತ್ತಿದ ಮಣ್ಣೂ ಉಪ್ಪು. ಇಂಥ ಸೀಮೆಯ ನಡುವೆ ನಿಂತ ಆ ದಿಬ್ಬದ ಹೆಸರು ಮಾತ್ರ ಸಪ್ಪೆಮರಡಿ. ಓದಿದವರು ಇದಕ್ಕೊಂದು ಸರಳವಾದ ಕಾರಣ ಕೊಡುತ್ತಾರೆ. ಹಿಂದಿನ ಉಪ್ಪಾರರು ಸವಳು ಮಣ್ಣನ್ನು ಕೆರೆದು ತಂದು, ಗುಣಿಗೆ ತುಂಬಿ, ನೀರು ಹುಯ್ದು, ಬಸಿದ ನೀರನ್ನು ಬಿಸಿಲಿಗೊಡ್ಡಿ ಹರಳು ಮಾಡುತ್ತಿದ್ದರು. ಸಾರ ಕಳೆದ ಮಣ್ಣನ್ನು ಒಂದೇ ಕಡೆ ಸುರಿದೂ ಸುರಿದೂ ಮರಡಿಯಾಯಿತು, ಉಪ್ಪಿಲ್ಲದ ಮಣ್ಣಾದ್ದರಿಂದ ಸಪ್ಪೆ ಎಂದರು ಎಂಬುದು ಅವರ ಮಾತು. ಮಾತೇನೋ ಸರಿಯೇ. ಆದರೆ ಹಾಗೆ ಬೆಳೆದ ಮರಡಿಗಳು ಆ ಸೀಮೆಯಲ್ಲಿ ಇನ್ನೂ ಏಳೆಂಟಿವೆ, ಅವಕ್ಕೆಲ್ಲ ಉಪ್ಪಿನಮರಡಿ ಎಂದೇ ಹೆಸರು. ಇದೊಂದಕ್ಕೇ ಯಾಕೆ ಸಪ್ಪೆ ಎಂದು ಕೇಳಿದರೆ ಊರಿನ ಹಿರಿಯರು ಬೊಮ್ಮಕ್ಕನ ಸಂಗತಿ ತೆಗೆಯುತ್ತಾರೆ.

ಹಿಂದೆ ಒಮ್ಮೆ, ಕರೆಗಲ್ಲಿನ ಪಾಳೆಯಗಾರರು ಈ ಸೀಮೆಯನ್ನು ಆಳುತ್ತಿದ್ದ ಕಾಲಕ್ಕೆ, ಇಲ್ಲಿ ಮೂವತ್ತು ಮನೆಗಳ ಉಪ್ಪಾರರ ಊರಿತ್ತು. ಊರಿನ ಯಜಮಾನ ಸಗರಪ್ಪ. ಅವನ ತೀರಿಹೋದ ತಮ್ಮನ ಹೆಂಡತಿಯೇ ಬೊಮ್ಮಕ್ಕ. ನಲವತ್ತು ದಾಟಿದ ಹೆಂಗಸು, ಗಟ್ಟಿ ಮೈಕಟ್ಟು, ಮಾತು ಕಡಿಮೆ, ಆದರೆ ಆಡಿದರೆ ಪ್ರಶ್ನೆಯೇ. ಹುಟ್ಟಿದಾಗಿನಿಂದ ಉಪ್ಪಿನಲ್ಲೇ ಬೆಳೆದವಳಾದರೂ ಉಪ್ಪು ಎಂಬ ಆ ಒಂದು ಮಾತು ಅವಳಿಗೆ ಎಂದೂ ಹಳೆಯದಾಗಲಿಲ್ಲ ಎನ್ನುತ್ತಾರೆ. ಸಾರಿಗೆ ಹಾಕುವುದೂ ಉಪ್ಪೇ, ದನದ ಹಟ್ಟಿಯ ಮಣ್ಣಿನಿಂದ ಕುದಿಸಿ ತೆಗೆದು ಕೋವಿಯ ಮದ್ದಿಗೆ ಬೆರೆಸುವ ಪೆಟ್ಲುಪ್ಪೂ ಉಪ್ಪೇ. ಒಂದು ಮನುಷ್ಯನನ್ನು ಸಾಕುತ್ತದೆ, ಇನ್ನೊಂದು ಸುಡುತ್ತದೆ, ಎರಡಕ್ಕೂ ಒಂದೇ ಹೆಸರು ಯಾಕೆ? ಹಗಲೆಲ್ಲ ಉಪ್ಪು ಎಂದು ಕೂಗಿ ಮಾರುವುದನ್ನು ದೀಪ ಹಚ್ಚಿದ ಮೇಲೆ ಹೆಸರು ಹಿಡಿದು ಕೇಳಬಾರದು, ರುಚಿ ಕೊಡಿ ಎನ್ನಬೇಕು, ಅದೇಕೆ? ಹೊಸ ಮನೆಗೆ ಎಲ್ಲಕ್ಕಿಂತ ಮೊದಲು ಹೋಗುವುದು ಉಪ್ಪು, ಮಗುವಿನ ದೃಷ್ಟಿ ತೆಗೆದು ಒಲೆಗೆ ಹಾಕುವುದೂ ಉಪ್ಪು. ಕೋಪ ಬಂದವನು ತನ್ನದು ಉಪ್ಪು ಖಾರ ತಿನ್ನುವ ದೇಹ ಎನ್ನುತ್ತಾನೆ, ನಂಬಿಕೆ ಕೆಟ್ಟವನನ್ನು ಉಂಡ ಮನೆಯ ಉಪ್ಪಿಗೆ ಎರಡು ಬಗೆದವನು ಎನ್ನುತ್ತಾರೆ. ಇಷ್ಟೆಲ್ಲ ಹೊರೆಯನ್ನು ಆ ಚಿಕ್ಕ ಹರಳು ಹೇಗೆ ಹೊರುತ್ತದೆ ಎಂದು ಅವಳು ಸಗರಪ್ಪನನ್ನು ಕೇಳಿದ್ದುಂಟು. ಅವನು, "ಗುಣಿಗೆ ನೀರು ಹುಯ್ಯಿ ಬೊಮ್ಮಕ್ಕ, ಬಿಸಿಲು ಏರುತ್ತಿದೆ" ಎಂದಿದ್ದನಂತೆ.

ಹೊಳೆಯ ಆಚೆಗೆ ತೊರೆಕೋಟೆ ಎಂಬ ಊರು. ಅದು ಕರೆಗಲ್ಲಿನವರ ಕೈಗೆ ಸಿಕ್ಕದ ಊರು. ಅಲ್ಲಿ ಕಪ್ಪು ಮಣ್ಣು, ಜೋಳ ಚೆನ್ನಾಗಿ ಬೆಳೆಯುತ್ತಿತ್ತು. ಇಲ್ಲಿಯ ಉಪ್ಪು ಅಲ್ಲಿಗೆ, ಅಲ್ಲಿಯ ಜೋಳ ಇಲ್ಲಿಗೆ, ಹೀಗೆ ತಲೆಮಾರುಗಳಿಂದ ನಡೆದಿತ್ತು. ಹೆಣ್ಣು ಕೊಟ್ಟು ತರುವುದೂ ಇತ್ತು. ಬೊಮ್ಮಕ್ಕನ ಒಬ್ಬಳೇ ಮಗಳು ಗಂಗವ್ವನನ್ನು ಅಲ್ಲಿಗೇ ಕೊಟ್ಟಿದ್ದರು, ಆ ವರ್ಷ ಅವಳು ಬಸುರಿ.

ಆ ವರ್ಷದ ಚೈತ್ರದಲ್ಲಿ ಕರೆಗಲ್ಲಿನ ಗುಜ್ಜಲನಾಯಕ ಐನೂರು ಆಳುಗಳೊಂದಿಗೆ ಬಂದು ಊರ ಹೊರಗೆ ಬೀಡುಬಿಟ್ಟ. ಊರವರು ಹೆದರಿ ಬಾಗಿಲು ಹಾಕಿಕೊಂಡರು. ಆದರೆ ನಾಯಕ ಯಾರಿಗೂ ತೊಂದರೆ ಕೊಡಲಿಲ್ಲ. ಬದಲಿಗೆ, ಮರುದಿನ ಮಧ್ಯಾಹ್ನ ಊರಿಗೆ ಊರೇ ತನ್ನ ಬೀಡಿನಲ್ಲಿ ಊಟ ಮಾಡಬೇಕು, ಹಸುಗೂಸು ಬಿಟ್ಟು ಒಬ್ಬರೂ ತಪ್ಪಿಸಬಾರದು ಎಂದು ಹೇಳಿಕಳಿಸಿದ. ನೆಲ್ಲಕ್ಕಿಯ ಅನ್ನವನ್ನು ಹಬ್ಬಕ್ಕೂ ಕಾಣದ ಜನ ಅವರು. ಸಂತೋಷವೇ ಆಯಿತು. ಬೊಮ್ಮಕ್ಕ ಮಾತ್ರ ಯೋಚನೆಗೆ ಬಿದ್ದಳು. ಹತ್ತು ವರ್ಷದಲ್ಲಿ ಒಂದು ಗುಟುಕು ಮಜ್ಜಿಗೆ ಕೊಡದ ದೊರೆ ಇಂದು ಎಲೆ ಹಾಕುತ್ತಾನೆಂದರೆ, ಆ ಎಲೆಯಲ್ಲಿ ಏನಿದೆ?

ಅಡುಗೆಗೆ ಉಪ್ಪು ತಂದುಕೊಡಲು ಊರಿಗೇ ಹೇಳಿದ್ದರು. ಬೆಳಿಗ್ಗೆ ಬೊಮ್ಮಕ್ಕನೇ ಬುಟ್ಟಿ ಹೊತ್ತು ಹೋದಳು. ನಾಯಕನ ಬಾಣಸಿಗ ರಾಚಪ್ಪ ಎಂಬವನು ದೊಡ್ಡ ದೊಡ್ಡ ಕೊಪ್ಪರಿಗೆಗಳ ನಡುವೆ ನಿಂತಿದ್ದ. ಇಪ್ಪತ್ತು ವರ್ಷದಿಂದ ಆ ಮನೆಯ ಒಲೆ ಕಾದವನು. ಅನ್ನಕ್ಕೆ ಒಂದು ಹಿಡಿ, ಸಾರಿಗೆ ಎರಡು ಹಿಡಿ ಹಾಕಿ, ಬೆಲ್ಲದ ಪಾಯಸದ ಹತ್ತಿರ ಬಂದು ಅದಕ್ಕೂ ಒಂದು ಚಿಟಿಕೆ ಉದುರಿಸಿದ. ಬೊಮ್ಮಕ್ಕ ನೋಡುತ್ತಲೇ ಇದ್ದಳು.

"ಪಾಯಸಕ್ಕೆ ಉಪ್ಪೇನಣ್ಣ?"

"ದೊರೆಗಳ ಅಪ್ಪಣೆ ತಾಯಿ. ಯಾವುದೊಂದನ್ನು ಉಂಡು ಎದ್ದರೂ ಉಪ್ಪುಂಡಂತೆ ಆಗಬೇಕಂತೆ."

"ಉಪ್ಪು ನಮ್ಮದೇ ಅಲ್ಲವೇ? ಈಗ ತಾನೇ ನಾನು ಹೊತ್ತು ತಂದೆ."

ರಾಚಪ್ಪ ಸೌಟು ನಿಲ್ಲಿಸಿ ಅವಳ ಮುಖ ನೋಡಿದ. "ಉಪ್ಪು ಮಾಡಿದವರದಲ್ಲ ತಾಯಿ, ಬಡಿಸಿದವರದು" ಎಂದ.

ಅವಳು ಎಷ್ಟೋ ವರ್ಷ ಕೇಳಿದ ಪ್ರಶ್ನೆಗಳಿಗೆ ಸಿಕ್ಕದ ಉತ್ತರವೊಂದು ಆ ಒಲೆಯ ಮುಂದೆ ಸಿಕ್ಕಿತು. ಆದರೆ ಅದರಿಂದ ಸಂತೋಷವಾಗಲಿಲ್ಲ. ನಾಯಕನಿಗೆ ಇವರಿಂದ ಏನೋ ಬೇಕಾಗಿದೆ, ಅದು ಬೆದರಿಸಿ ಪಡೆಯಬಹುದಾದದ್ದಲ್ಲ ಎಂಬಷ್ಟು ಅವಳಿಗೆ ತಿಳಿಯಿತು. ಊರಿಗೆ ಓಡಿಬಂದು ಸಗರಪ್ಪನಿಗೆ ಹೇಳಿದಳು. ಅವನು, "ಐನೂರು ಈಟಿ ಇಟ್ಟುಕೊಂಡವನ ಎಲೆ ಬೇಡ ಎನ್ನಲಾದೀತೇ? ಉಂಡು ಬಂದರಾಯಿತು" ಎಂದ. ಅವನದೂ ತಪ್ಪಲ್ಲ. ಅವನು ಮೂವತ್ತು ಮನೆಗೆ ಯಜಮಾನ.

ಬೊಮ್ಮಕ್ಕ ಮತ್ತೆ ಬೀಡಿಗೆ ಹೋದಳು. ರಾಚಪ್ಪನ ಮುಂದೆ ನಿಂತು, "ಅಣ್ಣ, ನನಗೆ ಇವತ್ತಿನಿಂದ ಸಪ್ಪೆಯ ಹರಕೆ. ಉಪ್ಪು ಮುಟ್ಟುವಂತಿಲ್ಲ. ನನ್ನ ಪಾಲಿಗೆ ಒಂದು ಹಿಡಿ ಅನ್ನ ಬೇರೆ ಬೇಯಿಸಿಕೊಡು" ಎಂದಳು. ಹರಕೆ ಹೊತ್ತವರಿಗೆ ಇಲ್ಲ ಎನ್ನುವ ಬಾಣಸಿಗ ಇಲ್ಲ. ಅವನು ಚಿಕ್ಕ ಮಡಕೆ ಎತ್ತಿಕೊಳ್ಳುತ್ತ, "ಯಾವ ದೇವರಿಗೆ?" ಎಂದು ಕೇಳಿದ.

"ಇನ್ನೂ ಗೊತ್ತಿಲ್ಲ" ಎಂದಳು.

ಮಧ್ಯಾಹ್ನ ಊರೆಲ್ಲ ಸಾಲಾಗಿ ಕೂತು ಹೊಟ್ಟೆ ತುಂಬ ಉಂಡಿತು. ಕೈ ತೊಳೆದು ಬಂದ ಮೇಲೆ ನಾಯಕ ಎದ್ದು ನಿಂತ. ತಿಂಗಳೊಳಗೆ ಹದಿನೆಂಟು ಹೇರು ಪೆಟ್ಲುಪ್ಪು ಬೇಕು, ತೊರೆಕೋಟೆಯ ಮೇಲೆ ಹೋಗುವುದಿದೆ, ಈ ಮಾತು ಹೊಳೆ ದಾಟಬಾರದು ಎಂದ. ಸಗರಪ್ಪ ಕೈಮುಗಿದು, "ಬುದ್ಧಿ, ನಾವು ಮಾಡುವುದು ಉಣ್ಣುವ ಉಪ್ಪು" ಎಂದ. ನಾಯಕ ನಕ್ಕು, "ಅದೂ ಉಪ್ಪೇ, ಇದೂ ಉಪ್ಪೇ. ನನ್ನ ಉಪ್ಪು ಉಂಡಿದ್ದೀರಿ. ಮುಟ್ಟಿ ಮಾತು ಕೊಡಿ" ಎಂದು ಎಲೆಯ ಮೇಲೆ ಹಿಡಿ ಉಪ್ಪು ಸುರಿಸಿದ. ಒಬ್ಬೊಬ್ಬರಾಗಿ ಬಂದು ಮುಟ್ಟಿದರು. ತೊರೆಕೋಟೆಗೆ ಹೆಣ್ಣು ಕೊಟ್ಟವರು, ಅಲ್ಲಿಂದ ಹೆಣ್ಣು ತಂದವರು, ಎಲ್ಲರೂ ತಲೆ ತಗ್ಗಿಸಿಕೊಂಡೇ ಮುಟ್ಟಿದರು. ಆ ಗದ್ದಲದಲ್ಲಿ ಒಬ್ಬ ವಿಧವೆ ಬಂದಳೋ ಇಲ್ಲವೋ ಎಂದು ಯಾರೂ ನೋಡಲಿಲ್ಲ.

ನಾಯಕ ಹೊಳೆಗೆ ಕಾವಲು ಹಾಕಲಿಲ್ಲ. ಉಪ್ಪು ಮುಟ್ಟಿಸಿದ ಮೇಲೆ ಕಾವಲು ಹಾಕುವುದು ಆ ಕಾಲದಲ್ಲಿ ಹಾಕಿದವನಿಗೇ ಅವಮಾನ. ಮರುದಿನ ಬಿಸಿಲೇರುವ ಹೊತ್ತಿಗೆ ಬೊಮ್ಮಕ್ಕ ಎಂದಿನಂತೆ ಉಪ್ಪಿನ ಬುಟ್ಟಿ ಹೊತ್ತು, ಮೊಣಕಾಲುದ್ದ ನೀರಿನಲ್ಲಿ ಹೊಳೆ ದಾಟಿದಳು. ಎದುರಿಗೆ ಕುದುರೆಗೆ ನೀರು ಕುಡಿಸುತ್ತಿದ್ದ ಆಳುಗಳು ಅವಳನ್ನು ಕಂಡರು, ಸುಮ್ಮನಾದರು. ತೊರೆಕೋಟೆಯ ಚಾವಡಿಯಲ್ಲಿ ಅವಳು ಬುಟ್ಟಿ ಇಳಿಸಿ ಎಲ್ಲವನ್ನೂ ಹೇಳಿದಳು. ಮಗಳ ಮನೆಯಲ್ಲಿ ಒಂದು ಲೋಟ ನೀರು ಕುಡಿದು ಹಗಲಿರುವಾಗಲೇ ಮರಳಿದಳು. ಗಂಗವ್ವ ಇಲ್ಲಿಯೇ ಇರು ಎಂದು ಸೆರಗು ಹಿಡಿದಳಂತೆ. "ನಾನು ಇಲ್ಲಿ ಉಳಿದರೆ ಅಲ್ಲಿ ಮೂವತ್ತು ಮನೆಯವರ ಮೇಲೆ ಮಾತು ಬರುತ್ತದೆ" ಎಂದು ಬಿಡಿಸಿಕೊಂಡು ಬಂದಳು.

ತಿಂಗಳೊಳಗೆ ಊರವರು ಕೊಟ್ಟ ಮಾತಿನಂತೆ ಹಟ್ಟಿಗಳ ಮಣ್ಣು ಅಗೆದು, ಕುದಿಸಿ, ಹದಿನೆಂಟು ಹೇರು ತುಂಬಿಸಿಕೊಟ್ಟರು. ನಾಯಕ ಹೊಳೆ ದಾಟಿದ. ಅಲ್ಲಿ ಕಂಡದ್ದು ಹಾಕಿದ ಬಾಗಿಲು, ಬರಿದಾದ ಹೊಲ, ಕೋಟೆಯ ಮೇಲೆ ನೆರೆಸೀಮೆಯಿಂದ ಬಂದಿಳಿದ ಮುನ್ನೂರು ಬಿಲ್ಲಾಳುಗಳು. ಒಂದು ಗುಂಡೂ ಹಾರಿಸದೆ ಅವನು ಹಿಂದಿರುಗಿದ.

ಮರುದಿನ ಬೆಳಿಗ್ಗೆ ಊರನ್ನೆಲ್ಲ ಮರಡಿಯ ಬುಡದಲ್ಲಿ ಸೇರಿಸಿದರು. ಮಾತು ದಾಟಿಸಿದವರು ಯಾರು ಎಂದು ನಾಯಕ ಕೇಳಿದ. ಸಗರಪ್ಪ ಬಾಯಿ ತೆರೆಯುವಷ್ಟರಲ್ಲಿ ಬೊಮ್ಮಕ್ಕ ಮುಂದೆ ಬಂದು ನಿಂತಳು.

"ನಾನು ಬುದ್ಧಿ."

"ನನ್ನ ಎಲೆಯಲ್ಲಿ ಉಂಡು?"

"ಎಲೆಯಲ್ಲಿ ಉಂಡೆ. ಉಪ್ಪುಣ್ಣಲಿಲ್ಲ. ಮಾತೂ ಕೊಡಲಿಲ್ಲ. ನಿಮ್ಮ ಬಾಣಸಿಗರನ್ನು ಕೇಳಿ."

ರಾಚಪ್ಪನನ್ನು ಕರೆಸಿದರು. ಅವನು ಬೆವರುತ್ತ ಬಂದ. ಅಪ್ಪಣೆ ಮೀರಿ ಸಪ್ಪೆ ಬೇಯಿಸಿದವನು, ಉಪ್ಪುಂಡಳು ಎಂದುಬಿಟ್ಟರೆ ಅವನ ತಲೆ ಉಳಿಯುತ್ತಿತ್ತು, ಇವಳ ತಲೆ ಹೋಗುತ್ತಿತ್ತು. ಬೊಮ್ಮಕ್ಕ ಅವನ ಕಡೆ ನೋಡಲಿಲ್ಲ, ನೆಲ ನೋಡುತ್ತ ನಿಂತಳು. ರಾಚಪ್ಪ ಕೈಮುಗಿದು, "ಇಪ್ಪತ್ತು ವರ್ಷ ನಿಮ್ಮ ಉಪ್ಪು ಉಂಡಿದ್ದೇನೆ ದೊರೆ, ನಿಮ್ಮೆದುರಿಗೆ ಸುಳ್ಳಾಡಲಾರೆ. ಹರಕೆ ಎಂದಳು. ಬೇರೆ ಮಡಕೆಯಲ್ಲಿ ಬೇಯಿಸಿ ಸಪ್ಪೆ ಬಡಿಸಿದೆ" ಎಂದ.

ನಾಯಕ ಕತ್ತಿಯ ಹಿಡಿಗೆ ಕೈ ಹಾಕಿದ್ದನ್ನು ಬೊಮ್ಮಕ್ಕ ಕಂಡಳು. ಆಮೇಲೆ ಅವನು ತನ್ನ ಆಳುಗಳ ಕಡೆ ನೋಡಿದ್ದನ್ನೂ ಕಂಡಳು. ಐನೂರು ಜನ ಕೇಳುತ್ತಿದ್ದರು. ಅವರೆಲ್ಲ ಅವನ ಹಿಂದೆ ನಿಂತದ್ದು ಉಪ್ಪುಂಡವರು ಎಂಬ ಆ ಒಂದು ಮಾತಿನ ಬಲದಿಂದಲೇ. ಉಪ್ಪುಣ್ಣದವಳನ್ನು ಉಪ್ಪಿನ ದ್ರೋಹಿ ಎಂದು ಕೊಂದರೆ, ಉಂಡವರ ನಿಷ್ಠೆಗೆ ಬೆಲೆ ಏನುಳಿಯಿತು? ನಾಯಕ ಕೈ ತೆಗೆದ.

"ಸರಿ. ನೀನು ದ್ರೋಹಿಯಲ್ಲ. ಆದರೆ ಈ ಸೀಮೆಯಲ್ಲಿ ಹುಟ್ಟುವ ಉಪ್ಪೆಲ್ಲ ನನ್ನದು. ಒಂದು ಹರಳು ನಿನ್ನ ನಾಲಗೆ ಮುಟ್ಟಿದ ದಿನ ನೀನು ನನ್ನ ಉಪ್ಪುಂಡವಳು. ಅಂದು ಈ ತಪ್ಪಿಗೆ ತಲೆ ಕೊಡುತ್ತೀ. ಅಲ್ಲಿಯವರೆಗೆ ಬದುಕಿಕೋ."

ಬದುಕಿದೆನಲ್ಲ ಎಂದು ಬೊಮ್ಮಕ್ಕನಿಗೆ ಕಣ್ಣೀರು ಬಂತು. ಕೆನ್ನೆಯ ಮೇಲೆ ಇಳಿದದ್ದು ತುಟಿಯ ಹತ್ತಿರ ಬಂದಾಗ ಅವಳಿಗೆ ಏನೋ ಹೊಳೆದು, ತಟ್ಟನೆ ಸೆರಗಿನಿಂದ ಒರೆಸಿಕೊಂಡಳು. ಅದನ್ನು ನೋಡಿ ನಾಯಕ ಮುಖ ತಿರುಗಿಸಿದ ಎನ್ನುತ್ತಾರೆ.

ಅಂದಿನಿಂದ ಅವಳ ಮಡಕೆ ಬೇರೆ. ಹಗಲೆಲ್ಲ ಮೊಣಕೈವರೆಗೆ ಉಪ್ಪಿನಲ್ಲಿ ಕೆಲಸ, ಹೊತ್ತು ಮುಳುಗುವಾಗ ಉಪ್ಪಿಲ್ಲದ ಅಂಬಲಿ. ಕುಡಿಯುವ ನೀರನ್ನೂ ಬಾವಿಯಿಂದ ತರದೆ ಹೊಳೆಯಿಂದ ಹೊರುತ್ತಿದ್ದಳು. ಯಾರು ನೋಡುತ್ತಾರೆ, ಒಂದು ಹರಳು ಹಾಕಿಕೋ ಎಂದು ಸಗರಪ್ಪನೇ ಹೇಳಿದ್ದುಂಟು. "ಕೇಳಿದಾಗ ಆ ರಾಚಪ್ಪ ನಿಜ ಹೇಳಿದ ಭಾವ. ನಾಳೆ ನನ್ನನ್ನು ಕೇಳಿದರೆ ನಾನೂ ಹೇಳಬೇಕಲ್ಲ" ಎಂದಳು. ಮೊಮ್ಮಗಳು ಹುಟ್ಟಿ, ಆಡುತ್ತ ಬಂದು, ಅಜ್ಜಿಯ ಅಂಬಲಿ ನೆಕ್ಕಿ ಮುಖ ಕಿವುಚಿದಾಗ ಬೊಮ್ಮಕ್ಕ ನಕ್ಕಳು. ಮೊದಲ ವರ್ಷ ಎಲ್ಲವೂ ಮಣ್ಣಿನಂತೆ ಇತ್ತು, ಆಮೇಲೆ ಒಂದು ದಿನ ಜೋಳಕ್ಕೆ ಜೋಳದ ರುಚಿ ಬಂತು, ಈಗ ಯಾವ ಹೊಲದ ಜೋಳ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ ಎಂದಳು.

ಹನ್ನೆರಡನೆಯ ವರ್ಷ ನಾಯಕ ತೀರಿಕೊಂಡ ಸುದ್ದಿ ಬಂತು. ಊರು ಹಬ್ಬ ಮಾಡಿತು. ಸಗರಪ್ಪನ ಹೆಂಡತಿ ಬಿಸಿ ಜೋಳದನ್ನಕ್ಕೆ ಸಾರು ಕಲಸಿ ತಂದು ಅವಳ ಮುಂದಿಟ್ಟಳು. ಬೊಮ್ಮಕ್ಕ ಒಂದು ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ಎಲೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದಳು. "ಉಪ್ಪು ಬಹಳ ಕೂಗುತ್ತದೆ ಅಕ್ಕ, ಜೋಳದ ರುಚಿ ಕೇಳಿಸುವುದಿಲ್ಲ" ಎಂದಳು. ಕೊನೆಯವರೆಗೂ ತನ್ನ ಮಡಕೆಯಲ್ಲೇ ಉಂಡಳು. ಅವಳನ್ನು ಮಣ್ಣು ಮಾಡಿದ್ದು ಆ ಮರಡಿಯ ಪಡುವಣ ಮಗ್ಗುಲಲ್ಲಿ.

ಉಪ್ಪು ತೆಗೆಯುವ ಕಸುಬು ಅಲ್ಲಿ ನಿಂತುಹೋಗಿ ಎಷ್ಟೋ ಕಾಲವಾಗಿದೆ. ಗುಣಿಗಳ ಗುರುತಿನ ಮೇಲೆ ಜಾಲಿ ಬೆಳೆದಿದೆ. ಪಡುವಣ ಮಗ್ಗುಲಲ್ಲಿ ಆಳು ಬಗ್ಗಿ ಹೋಗುವಷ್ಟು ಗಿಡ್ಡನೆಯ ಗುಡಿಯಿದೆ, ಒಳಗೆ ಮೂರ್ತಿಯಿಲ್ಲ, ಒಂದು ದುಂಡುಗಲ್ಲು ಮಾತ್ರ. ಪೂಜೆ ಮಾಡುವವಳು ಊರಿನ ಒಬ್ಬ ಹೆಂಗಸು. ಸೋಮವಾರ ಗುರುವಾರ ಜೋಳದನ್ನ ಬೇಯಿಸುತ್ತಾಳೆ, ಉಪ್ಪು ಹಾಕುವುದಿಲ್ಲ. ಬರುವವರಲ್ಲಿ ಹೆಚ್ಚಿನವರು ಬೇನೆಗೋ ಮಕ್ಕಳಾಗಲೆಂದೋ ಬರುವವರಲ್ಲ. ತಾಲ್ಲೂಕು ಕೋರ್ಟಿನಲ್ಲಿ ಮರುದಿನ ಸಾಕ್ಷಿ ಹೇಳಬೇಕಾದವರು, ತಮಗೆ ಅನ್ನ ಕೊಟ್ಟವರ ಎದುರಿಗೆ ನಿಜ ಆಡಬೇಕಾದವರು. ಬಸ್ಸು ಇಳಿದು, ಕೈಯಲ್ಲಿ ಚೀಲ ಹಿಡಿದು, ಜಾಲಿಯ ನಡುವೆ ದಾರಿ ಕೇಳಿಕೊಂಡು ಬರುತ್ತಾರೆ. ಹೋದ ವರ್ಷ ಅಕ್ಕಿ ಗಿರಣಿಯೊಂದರಲ್ಲಿ ಮೂವತ್ತು ವರ್ಷ ದುಡಿದ ಒಬ್ಬಾತ ಬಂದು, ಎಲೆಯ ಮುಂದೆ ಕೂತು, ಈ ಸಪ್ಪೆ ಎಷ್ಟು ದಿನ ಉಣ್ಣಬೇಕಮ್ಮ ಎಂದು ಕೇಳಿದ. "ಹೇಳೋದು ಹೇಳಿ ಮುಗಿಯೋವರೆಗೆ ಉಣ್ಣಪ್ಪ" ಎಂದು ಆಕೆ ಇನ್ನೊಂದು ಸೌಟು ಬಡಿಸಿದಳು. ಅವನು ಒಂದು ಅಗುಳೂ ಬಿಡದೆ ನಿಧಾನವಾಗಿ ಉಂಡು, ಎಲೆ ಮಡಿಸಿ ಎತ್ತಿಕೊಂಡು, ಸಂಜೆಯ ಬಸ್ಸಿಗೆ ಹೋದ.