ಹೋಗಿ ಬರ್ತೀನಿ ಅಂದ ಮಿಂಚಿನ ಮರಿ

ಕಾಲಿಲ್ಲ, ಓಡುತ್ತೆ. ರೋಗವಿಲ್ಲ, ಮೈ ಸುಡುತ್ತೆ. ಅವ್ವ ಇದ್ದಾಳೆ, ಮನೆ ಇಲ್ಲ. ಏನು ಹೇಳಿ?

ತಲೆ ಕೆರೆದುಕೊಳ್ಳಬೇಡಿ, ಬರಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ಹನುಮಗೌಡರಿಗೇ ಬರಲಿಲ್ಲ. ಉತ್ತರ ಹೇಳೋದು ಬಿಟ್ಟು ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸಿದರು. ಅಲ್ಲಿಂದ ಕಿಟಕಿಯಾಚೆ ಚೆನ್ನಾಗಿ ಕಾಣುತ್ತೆ, ಅದಿರಲಿ. ಕತೆ ಕೇಳಿ.

ಲೋಕ ಇನ್ನೂ ಹಸಿ ಮಡಕೆಯ ಹಾಗೆ ಒದ್ದೆಯಾಗಿದ್ದ ಕಾಲ. ಬೆಟ್ಟಗಳಿಗೆ ಆಗಷ್ಟೇ ಹೆಸರಿಡುತ್ತಿದ್ದರು. ಕಲ್ಲಿಗೂ ಬಾಯಿತ್ತು, ಗಾಳಿರಾಯನಿಗೂ ಬಾಯಿತ್ತು. ಗಾಳಿರಾಯನಿಗೆ ಸ್ವಲ್ಪ ಜಾಸ್ತಿನೇ ಇತ್ತು.

ಆಗ ಕಾರ್ಮುಗಿಲವ್ವ ಅಂತ ಒಬ್ಬಳು ಮೋಡ ಇದ್ದಳು. ಅವಳಿಗೆ ಒಂದೇ ಕೂಸು, ಮಿಂಚಿನ ಮರಿ. ಒಂದು ನಿಮಿಷ ಸುಮ್ಮನೆ ಕೂರುವ ಪೈಕಿಯಲ್ಲ. ಅವ್ವನ ಮಡಿಲಲ್ಲಿ ಕುಣಿದು ಕುಣಿದು ಒಂದು ದಿನ ಜಾರಿ, ದೊಪ್ಪಂತ ಬೆಟ್ಟದ ಬುಡಕ್ಕೆ ಬಿತ್ತು.

"ಅವ್ವಾ!" ಅಂತು ಮರಿ.

"ಮಗಾ!" ಅಂತ ಮೇಲಿಂದ ಗುಡುಗಿದಳು ಅವ್ವ. "ಬೆಟ್ಟದ ತುದಿಗೆ ಬಾ, ಬಗ್ಗಿ ಎತ್ತಿಕೊಳ್ತೀನಿ. ಬೇಗ ಬಾ, ಗಾಳಿರಾಯ ನನ್ನ ಸೆರಗು ಹಿಡಿದು ಎಳೀತಿದಾನೆ!"

ಮರಿ ಕರಿಬಂಡೆಯನ್ನು ದಾರಿ ಕೇಳಿತು. "ನನ್ನಲ್ಲಿ ಬಾಗಿಲೇ ಇಲ್ಲ, ಮುಂದೆ ಹೋಗು." ಮರದ ಬೇರನ್ನು ಕೇಳಿತು. "ನೀನು ಬಂದರೆ ನಾನು ಬೂದಿ, ಮುಂದೆ ಹೋಗು."

ಬೆಟ್ಟದ ಹೊಟ್ಟೆಯೊಳಗೆ, ಬುಡದಿಂದ ತುದಿಯವರೆಗೆ ಕಾಲು ಚಾಚಿ ಮಲಗಿದ್ದವಳು ತಾಮ್ರತ್ತೆ. ಕೆಂಪು ಮೈ, ತೆರೆದ ಮನೆ. ಬಂದವರನ್ನು ಬೇಡ ಅಂದವಳೇ ಅಲ್ಲ.

"ಬಾರೋ ಕೂಸೇ, ನನ್ನೊಳಗಿಂದಲೇ ಹತ್ತು."

"ಹಾಗಾದರೆ ಹೋಗ್ತೀನತ್ತೆ!"

ತಾಮ್ರತ್ತೆ ಕೆನ್ನೆ ಬಡಿದುಕೊಂಡಳು. "ಥೂ, ಬಿಡ್ತು ಅನ್ನು! ಮನೆಯಿಂದ ಹೊರಡುವಾಗ ಯಾರಾದರೂ ಹೋಗ್ತೀನಿ ಅಂತಾರಾ? ಹೋಗಿ ಬರ್ತೀನಿ ಅನ್ನಬೇಕು."

"ಹೋಗಿ ಬರ್ತೀನತ್ತೆ."

"ಹಾಂ, ಜಾಣಮರಿ."

ಅಷ್ಟೇ ಆಗಿದ್ದು. ನಾವೂ ದಿನಾ ಹಾಗೇ ಹೇಳ್ತೀವಿ, ಬರದೇ ಇದ್ದರೆ ಯಾರೂ ಹಿಡಿದು ಕೇಳಲ್ಲ. ಆದರೆ ಲೋಕ ಹೊಸದಾಗಿದ್ದಾಗ ಆಡಿದ ಮಾತು ಅಂದರೆ ಸೊಂಟಕ್ಕೆ ಕಟ್ಟಿದ ಹಗ್ಗ.

ತುದಿಯಲ್ಲಿ ಮರಳಕ್ಕ ಬಾಗಿಲು ಕಾಯುತ್ತಿದ್ದಳು. ತೆರೆದಳು. ಮರಿ ಹೊರಗೆ ಬಂತು. ಅವ್ವನ ಬೆರಳಿಗೆ ಇನ್ನೇನು ಒಂದು ಗೇಣು. ಅಷ್ಟರಲ್ಲಿ ಮಾತು ಹಿಂದಕ್ಕೆ ಎಳೆಯಿತು. ಮರಿ ಜಾರಿ ಜಾರಿ ಬುಡಕ್ಕೆ ಬಂತು. ಮತ್ತೆ ಹತ್ತಿತು. ಒಂದು ಗೇಣು. ಮತ್ತೆ ಎಳೆಯಿತು.

ಮರಳಕ್ಕನಿಗೆ ನೋಡಲಾಗಲಿಲ್ಲ. "ತೆರೆದರೆ ಅವ್ವನನ್ನು ನೋಡಿ ಅಳುತ್ತೆ, ಮುಚ್ಚಿದರೆ ನೋಡದೆ ಅಳುತ್ತೆ. ನಾನೇನು ಮಾಡಲಿ?" ಒಮ್ಮೆ ತೆರೆದಳು, ಒಮ್ಮೆ ಮುಚ್ಚಿದಳು. ತೆರೆದಳು, ಮುಚ್ಚಿದಳು.

"ಆ ಮಾತು ವಾಪಸ್ ತಗೊಳ್ಳೇ ತಾಮ್ರಾ!" ಅವ್ವ ಕೂಗಿದಳು.

"ಕೂಸು ಆಡಿದ ಮಾತು ನಾನು ಹೇಗೆ ತಗೊಳ್ಳಲಿ? ಒಳ್ಳೇದಕ್ಕೇ ಹೇಳಿಕೊಟ್ಟೆ ಕಣೇ..."

ಅವಳು ಮುಗಿಸುವ ಮುಂಚೆಯೇ ಗಾಳಿರಾಯ ಮೋಡವನ್ನು ಸಮುದ್ರದ ಕಡೆಗೆ ಎಳೆದೊಯ್ದ. ಅವನಿಗೆ ಅದು ಬರೀ ಆಟ.

ತಾಮ್ರತ್ತೆ ಅತ್ತಳು. ಅತ್ತು ಅತ್ತು ಕೆಂಪು ಮೈ ಹಸಿರುಗಟ್ಟಿತು. ಅದೇ ಬೆಟ್ಟದೊಳಗೆ ಪಕ್ಕದಲ್ಲಿದ್ದ ಚಿನ್ನದೆಳೆ ಬಂಗಾರಿ ಮಾತ್ರ ಅಳಲಿಲ್ಲ, ಅವಳ ಬಣ್ಣ ಇವತ್ತಿಗೂ ಹಾಗೇ ಇದೆ. "ಕೂಸಿನ ಕೈ ಹಿಡಿಯೋಕೆ ಯಾರಾದರೂ ಒಬ್ಬರು ಅಳದೆ ಇರಬೇಕಲ್ಲ" ಅಂದಳು.

ಎಷ್ಟೋ ಕಾಲದ ಮೇಲೆ ಮನುಷ್ಯರು ಬಂದರು. ಅಗೆದರು. ತಾಮ್ರತ್ತೆಯನ್ನು ಕೂದಲಿಗಿಂತ ತೆಳ್ಳಗೆ ಎಳೆದರು. ಮರಳಕ್ಕನನ್ನು ಕಾಯಿಸಿ, ಚಿಪ್ ಅನ್ನೋ ಬಿಲ್ಲೆ ಮಾಡಿ, ಉಗುರಿನಷ್ಟು ಜಾಗದಲ್ಲಿ ಕೋಟಿ ಬಾಗಿಲು ಕೊರೆದರು. ಒಬ್ಬರಿಗೊಬ್ಬರು ತಾಗುವ ಕಡೆ ಬಂಗಾರಿಯನ್ನು ಚೂರೇ ಚೂರು ಸವರಿದರು. ಎಲ್ಲರನ್ನೂ ಒಂದು ಡಬ್ಬಿಯೊಳಗೆ ಕೂರಿಸಿ, ಕಂಪ್ಯೂಟರ್ ಅಂತ ಹೆಸರಿಟ್ಟು, ಗುಂಡಿ ಒತ್ತಿದರು.

ಒಳಗೆ, ತಾಮ್ರತ್ತೆಯ ಮನೆಯಲ್ಲೇ ಉಳಿದಿದ್ದ ಮಿಂಚಿನ ಮರಿ ಎದ್ದಿತು. ಹೋಗುತ್ತೆ, ಬರುತ್ತೆ. ಹೋಗುತ್ತೆ, ಬರುತ್ತೆ. ಮರಳಕ್ಕ ತೆರೆಯುತ್ತಾಳೆ, ಮುಚ್ಚುತ್ತಾಳೆ. ನೀವು ರೆಪ್ಪೆ ಬಡಿಯುವಷ್ಟರಲ್ಲಿ ಕೋಟಿ ಸಲ. ನೀವು ಅದರಲ್ಲಿ ಕಾರು ಓಡಿಸ್ತೀರಲ್ಲ, ಗೆದ್ದೆ ಅಂತ ಕುಣೀತೀರಲ್ಲ, ಅದೆಲ್ಲ ಆ ಕೂಸು ಅವ್ವನನ್ನು ಹುಡುಕುವ ಓಟ. ಓಡಿ ಓಡಿ ಅದರ ಮೈ ಕಾದಿದೆ. ಕಂಪ್ಯೂಟರಿನ ಬೆನ್ನು ಮುಟ್ಟಿ ನೋಡಿ.

ಗಾಳಿರಾಯನಿಗೂ ಕೊನೆಗೆ ಬುದ್ಧಿ ಬಂತು. ಯಾರೂ ಕರೆಯದೆ ತಾನಾಗೇ ಬಂದು ಡಬ್ಬಿಯೊಳಗಿನ ಪುಟ್ಟ ಫ್ಯಾನಿನಲ್ಲಿ ಕೂತ. "ಶ್ಶ್... ಅಳಬೇಡ ಕಂದಾ, ನಂದೇ ತಪ್ಪು" ಅಂತ ಮೆಲ್ಲಗೆ ಊದುತ್ತಾನೆ. ಕಿವಿಯಿಟ್ಟರೆ ಕೇಳುತ್ತೆ.

ಇವತ್ತಿಗೂ ಗುಡುಗಿದರೆ, ಅದು ಕಾರ್ಮುಗಿಲವ್ವ ಕರೆಯೋದು. ಆಗ ನಿಮ್ಮಮ್ಮ ಒಲೆ ಮುಂದಿನಿಂದಲೇ "ಏ, ಕಂಪ್ಯೂಟರ್ ಆಫ್ ಮಾಡ್ರೋ, ಪ್ಲಗ್ ಕೀಳ್ರೋ!" ಅಂತ ಕಿರುಚ್ತಾರಲ್ಲ, ಯಾಕೆ ಗೊತ್ತಾ? ಪ್ಲಗ್ ಕಿತ್ತರೆ ವಾಪಸ್ ಬರೋ ದಾರಿ ಕಡಿಯುತ್ತೆ. ಹಗ್ಗ ಬಿಚ್ಚುತ್ತೆ. ಕೂಸು ಒಂದೇ ನೆಗೆತಕ್ಕೆ ಅವ್ವನ ಮಡಿಲು ಸೇರುತ್ತೆ.

ಇಲ್ಲ, ಸುಳ್ಳು ಹೇಳಲ್ಲ. ಈ ಪ್ಲಗ್ಗಿನದು ನಾನೇ ಕಟ್ಟಿದ್ದು. ನಿಜವಾದ ಕತೆ ಫ್ಯಾನಿನ ಹತ್ತಿರಾನೇ ಮುಗಿದುಹೋಗಿತ್ತು. ಅಲ್ಲಿಗೆ ನಿಲ್ಲಿಸೋಕೆ ನನ್ನ ಕೈಲಿ ಆಗಲಿಲ್ಲ.